ಸಂದು ಮುಚ್ಚಿದವರ ಕಥೆ: ಫ್ರೆಂಚ್ ಪ್ರೆಸ್ ಸಾಗಿ ಬಂದ ದಾರಿ

1852ರ ಮಾರ್ಚಿನಲ್ಲಿ ಪ್ಯಾರಿಸಿನ ಮೇಯರ್ ಮತ್ತು ಡೆಲ್ಫೋರ್ಜ್ ಎಂಬಿಬ್ಬರು ಒಂದು ಕಾಫಿ ಪಾತ್ರೆಗೆ ಪೇಟೆಂಟ್ ಪಡೆದರು. ಪಾತ್ರೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ವಿಶೇಷವೆಲ್ಲ ಇದ್ದದ್ದು ಅದರೊಳಗೆ ಇಳಿಯುವ ಸರಳಿನಲ್ಲಿ. ಸರಳಿನ ತುದಿಗೆ ತೂತು ಕೊರೆದ ತಗಡಿನ ತಟ್ಟೆ, ತಟ್ಟೆಯ ಮೇಲೊಂದು ಕೆಳಗೊಂದು ಫ್ಲಾನೆಲ್ ಬಟ್ಟೆಯ ಪದರ. ಬಿಸಿನೀರಿನಲ್ಲಿ ಪುಡಿ ನೆನೆದ ಮೇಲೆ ಸರಳನ್ನು ಕೆಳಕ್ಕೆ ಒತ್ತಿದರೆ ಚರಟ ತಳ ಸೇರುತ್ತದೆ, ತಿಳಿಯಾದ ಕಾಫಿ ಮೇಲೆ ಉಳಿಯುತ್ತದೆ. ಇಂದು ಅಂಗಡಿಯಲ್ಲಿ ಫ್ರೆಂಚ್ ಪ್ರೆಸ್ ಎಂದು ಸಿಗುವ ಸಾಧನ ಮಾಡುವ ಕೆಲಸವೂ ಇಷ್ಟೇ.

ಕೇಳಲು ಸರಳ. ಆದರೂ ಈ ಉಪಾಯ ಪ್ಯಾರಿಸಿನಲ್ಲಿ ಹೊಳೆದು, ಯುರೋಪಿನ ಅಡುಗೆಮನೆಗಳಲ್ಲಿ ನೆಲೆಯಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಡ್ಡಿಯಾದದ್ದು ತಟ್ಟೆಯ ಅಂಚಿಗೂ ಪಾತ್ರೆಯ ಗೋಡೆಗೂ ನಡುವೆ ಉಳಿಯುವ ಸಂದು. ತಟ್ಟೆ ಸಡಿಲವಿದ್ದರೆ ಪುಡಿ ಪಕ್ಕದಿಂದ ನುಸುಳಿ ಮೇಲಕ್ಕೆ ಬರುತ್ತದೆ. ತೀರ ಬಿಗಿಯಾದರೆ ಸರಳು ಇಳಿಯುವುದಿಲ್ಲ. ಬಲ ಹಾಕಿ ಒತ್ತಿದರೆ ಸುಡು ಕಾಫಿ ಕೈಮೇಲೆ ಚಿಮ್ಮುತ್ತದೆ. ಇಷ್ಟು ಸಣ್ಣ ಜಾಗವನ್ನು ಮುಚ್ಚಲು ಫ್ರೆಂಚರು, ಇಟಲಿಯವರು, ಸ್ವಿಸ್ಸರು, ಡೇನರು ಒಬ್ಬರಾದ ಮೇಲೆ ಒಬ್ಬರು ಪಟ್ಟ ಪಾಡೇ ಫ್ರೆಂಚ್ ಪ್ರೆಸ್‌ನ ಇತಿಹಾಸ. ಮನೆಗೊಂದು ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದೂ ಅದನ್ನೇ.

ಮೇಯರ್ ಮತ್ತು ಡೆಲ್ಫೋರ್ಜ್ ಕಾಲಕ್ಕೆ ಪ್ಯಾರಿಸ್ ಕಾಫಿ ಪಾತ್ರೆಗಳ ಪ್ರಯೋಗಶಾಲೆಯಂತಾಗಿತ್ತು. ತುರ್ಕಿಯವರ ಹಾಗೆ ಪುಡಿಯನ್ನು ನೀರಿನಲ್ಲೇ ಕುದಿಸಿ, ಗಸಿ ಕೂರುವವರೆಗೆ ಕಾಯುವುದು ಹಳೆಯ ಕ್ರಮ. 18ನೇ ಶತಮಾನದ ಮೊದಲ ಭಾಗದಲ್ಲಿ ಫ್ರೆಂಚರು ಪುಡಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದ್ದತೊಡಗಿದರು. 1800ರ ಸುಮಾರಿಗೆ ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳ ಸಾಧನ ಬಂತು. ಮೇಲಿನ ಪಾತ್ರೆಯ ತಳದಲ್ಲಿ ತೂತುಗಳು, ಅದರಲ್ಲಿ ಪುಡಿ. ಬಿಸಿನೀರು ಹೊಯ್ದರೆ ಕಾಫಿ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಇದನ್ನು ಕಂಡುಹಿಡಿದವರೆಂದು ಪ್ಯಾರಿಸಿನ ಆರ್ಚ್‌ಬಿಷಪ್ ಡಿ ಬೆಲ್ವಾ ಅವರ ಹೆಸರನ್ನು ಹೇಳುತ್ತಾರೆ. ಕನ್ನಡಿಗರ ಮನೆಯ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನ ರಚನೆಯೂ ಹೀಗೇ ಇದೆ.

ಪ್ಯಾರಿಸಿನಲ್ಲಿ ನೆಲೆಸಿದ್ದ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ 1812ರಲ್ಲಿ ಕಾಫಿಯ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದ. ಕಾಫಿಯನ್ನು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ, ಪುಡಿಯನ್ನು ಸಮನಾಗಿ ಹರಡಿ ಹದವಾಗಿ ಒತ್ತಿ ಆಮೇಲೆ ನೀರು ಹೊಯ್ಯಬೇಕು ಎಂಬುದು ಅವನ ವಾದ. 1819ರಲ್ಲಿ ಮೊರೀಜ್ ಎಂಬ ತಗಡುಗಾರ ತಲೆಕೆಳಗು ಮಾಡಿ ಇಳಿಸುವ ಪಾತ್ರೆ ತಂದ. 1840ರ ದಶಕದಲ್ಲಿ ಲಿಯೊನ್ ನಗರದ ಮದಾಂ ವಾಸ್ಯೂ ಗಾಜಿನ ಎರಡು ಗುಂಡುಗಳ ನಡುವೆ ಆವಿಯ ಒತ್ತಡದಿಂದ ನೀರು ಏರಿ ಇಳಿಯುವ ಸಾಧನಕ್ಕೆ ಪೇಟೆಂಟ್ ಪಡೆದರು. ಇಷ್ಟೆಲ್ಲ ಕಣ್ಣು ಕುಕ್ಕುವ ಯಂತ್ರಗಳ ನಡುವೆ ಬಟ್ಟೆ ಸುತ್ತಿದ ಸರಳಿನ ಕಡೆ ಯಾರ ಗಮನವೂ ಹೋಗದಿದ್ದರೆ ಆಶ್ಚರ್ಯವಿಲ್ಲ.

ಬಟ್ಟೆಯ ತೊಂದರೆ ಬೇರೆಯೇ ಇತ್ತು. ಫ್ಲಾನೆಲ್ ಮೊದಮೊದಲು ಸಂದನ್ನು ಚೆನ್ನಾಗಿ ಮುಚ್ಚುತ್ತದೆ. ಆದರೆ ಕಾಫಿ ಕಾಳಿನ ಎಣ್ಣೆಯಂಶ ಅದರಲ್ಲಿ ಇಂಗಿ ಕೆಲವೇ ದಿನಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ. ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಬಟ್ಟೆ ಬಿಟ್ಟು ಬರೀ ಲೋಹ ಬಳಸೋಣವೆಂದರೆ, ಪೂರ್ತಿ ದುಂಡಗಿನ, ಮೇಲಿನಿಂದ ತಳದವರೆಗೆ ಒಂದೇ ಅಳತೆಯ ಪಾತ್ರೆಯನ್ನು ಕೈಯಿಂದ ಬಡಿದು ಮಾಡುವುದು ಕಷ್ಟ.

ಇಲ್ಲಿ ಎರಡು ಪದ್ಧತಿಗಳ ವ್ಯತ್ಯಾಸ ತಿಳಿದುಕೊಳ್ಳಬೇಕು. ಫಿಲ್ಟರಿನಲ್ಲಿ ನೀರು ಪುಡಿಯನ್ನು ಹಾಯ್ದು ಹೋಗುತ್ತದೆ. ಒತ್ತಾಗಿ ಕುಳಿತ ಪುಡಿಯ ಪದರವೇ ಅರ್ಧ ಸೋಸುವ ಕೆಲಸ ಮಾಡುತ್ತದೆ. ನಮ್ಮ ಫಿಲ್ಟರಿನೊಳಗಿನ ಹಿಡಿಯುಳ್ಳ ತೂತಿನ ಬಿಲ್ಲೆ ನೋಡಲು ಪ್ರೆಸ್‌ನ ತಟ್ಟೆಯ ಹಾಗೇ ಇದ್ದರೂ, ಅದು ಪುಡಿಯನ್ನು ಅಲುಗದಂತೆ ಹಿಡಿದು ನೀರನ್ನು ಸಮನಾಗಿ ಹಂಚಿದರೆ ಸಾಕು. ಅಂಚು ಗೋಡೆಗೆ ತಾಗಲೇಬೇಕೆಂದಿಲ್ಲ. ಪ್ರೆಸ್‌ನಲ್ಲಿ ಪುಡಿಯೆಲ್ಲ ನೀರಿನಲ್ಲಿ ತೇಲುತ್ತ, ನೆನೆಯುತ್ತ ಇರುತ್ತದೆ. ಅದನ್ನು ಕಾಫಿಯಿಂದ ಬೇರ್ಪಡಿಸಲು ತಟ್ಟೆಯೊಂದೇ ಗತಿ. ಹಾಗಾಗಿ ಸುತ್ತ ಎಲ್ಲೂ ಎಡೆ ಉಳಿಯುವಂತಿಲ್ಲ.

ಪರಿಹಾರ ಬಂದದ್ದು ಮಿಲಾನಿನಿಂದ. ಕಾಫಿ ಯಂತ್ರಗಳ ವಿಷಯದಲ್ಲಿ ಆ ನಗರಕ್ಕೆ ಆಗಲೇ ಹೆಸರಿತ್ತು; ಲುಯಿಜಿ ಬೆಜ್ಜೆರಾ ಎಸ್ಪ್ರೆಸೊ ಯಂತ್ರದ ಪೇಟೆಂಟಿಗೆ ಅರ್ಜಿ ಹಾಕಿದ್ದು 1901ರಲ್ಲಿ ಅಲ್ಲಿಂದಲೇ. 1920ರ ದಶಕದ ಕೊನೆಯಲ್ಲಿ ಅಲ್ಲಿನ ಅತ್ತಿಲಿಯೊ ಕಲಿಮಾನಿ ಮತ್ತು ಜೂಲಿಯೊ ಮೊನೇಟಾ ಸರಳಿನ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಅಮೆರಿಕದ ಪೇಟೆಂಟ್ ಮಂಜೂರಾದದ್ದು 1931ರಲ್ಲಿ. ತಟ್ಟೆಯನ್ನು ಪಾತ್ರೆಯ ಅಳತೆಗೆ ಸರಿಯಾಗಿ ಕತ್ತರಿಸುವ ಗೋಜಿಗೆ ಹೋಗದೆ, ಅದರ ಅಂಚಿನ ಸುತ್ತ ಅವರು ಸುರುಳಿಯಾಗಿ ಸುತ್ತಿದ ತಂತಿಯ ಸ್ಪ್ರಿಂಗ್ ಕೂರಿಸಿದರು. ಪಾತ್ರೆ ಎಲ್ಲಿ ಅಗಲವೋ ಅಲ್ಲಿ ಸ್ಪ್ರಿಂಗ್ ಹಿಗ್ಗುತ್ತದೆ, ಎಲ್ಲಿ ಕಿರಿದೋ ಅಲ್ಲಿ ಕುಗ್ಗುತ್ತದೆ. ಗೋಡೆ ಒಂದಿಷ್ಟು ಸೊಟ್ಟಗಿದ್ದರೂ ತಟ್ಟೆ ಬಾಗಿ ಬಳುಕಿ ದಾರಿ ಮಾಡಿಕೊಳ್ಳುತ್ತದೆ. ಇಂದಿನ ಯಾವುದೇ ಪ್ರೆಸ್‌ನ ತಟ್ಟೆ ಬಿಚ್ಚಿ ನೋಡಿ: ಸರಳು, ಮೇಲೆ ಸ್ಪ್ರಿಂಗ್ ಹೊತ್ತ ತಟ್ಟೆ, ನಡುವೆ ಸಣ್ಣ ಕಣ್ಣಿನ ಜಾಲರಿ, ಕೆಳಗೆ ಅದನ್ನು ಬಿಗಿಯುವ ತೂತಿನ ಬಿಲ್ಲೆ. ಸ್ಪ್ರಿಂಗ್ ಜಾಲರಿಯ ಅಂಚನ್ನು ಹೊರಕ್ಕೆ ಒತ್ತಿ ಗೋಡೆಗೆ ಅಂಟಿಸಿ ಹಿಡಿಯುತ್ತದೆ.

ಮಿಲಾನಿನ ಕಲ್ಪನೆಗೆ ಇಟಲಿಯಲ್ಲಿ ಮಾತ್ರ ಅದೃಷ್ಟ ಕೂಡಿಬರಲಿಲ್ಲ. 1933ರಲ್ಲಿ ಅಲ್ಫೋನ್ಸೊ ಬಿಯಲೆಟ್ಟಿಯ ಅಲ್ಯುಮಿನಿಯಂ ಮೋಕಾ ಪಾತ್ರೆ ಬಂತು. ಎರಡನೆಯ ಮಹಾಯುದ್ಧದ ನಂತರ ಅದು ಇಟಲಿಯ ಮನೆಮನೆಗೆ ಹಬ್ಬಿತು. ಹೋಟೆಲುಗಳಿಗೆ ಅಕಿಲೆ ಗಜ್ಜಿಯಾನ ಸನ್ನೆಕೋಲಿನ ಎಸ್ಪ್ರೆಸೊ ಯಂತ್ರ ಬಂತು. ಗಟ್ಟಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಯುವ ಊರಿನಲ್ಲಿ ನಾಲ್ಕು ನಿಮಿಷ ನೆನೆಹಾಕಿ ಕಾಯುವ ತಾಳ್ಮೆ ಯಾರಿಗಿದೆ?

ಇಷ್ಟರಲ್ಲಿ ಗಾಜಿನ ಲೋಕದಲ್ಲೂ ಬದಲಾವಣೆಯಾಗಿತ್ತು. ಸಾಮಾನ್ಯ ಗಾಜಿಗೆ ಕುದಿಯುವ ನೀರು ಸುರಿದರೆ ಒಳಮೈ ಥಟ್ಟನೆ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಜರ್ಮನಿಯ ಯೇನಾದಲ್ಲಿ ಓಟೋ ಶಾಟ್ 19ನೇ ಶತಮಾನದ ಕೊನೆಯಲ್ಲಿ ಗಾಜಿಗೆ ಬೋರಾನ್ ಆಕ್ಸೈಡ್ ಬೆರೆಸಿ ಬೋರೋಸಿಲಿಕೇಟ್ ಗಾಜು ತಯಾರಿಸಿದ. ಕಾವಿಗೆ ಅದು ಹಿಗ್ಗುವುದು ಸಾಮಾನ್ಯ ಗಾಜಿನ ಸುಮಾರು ಮೂರನೇ ಒಂದು ಪಾಲು ಮಾತ್ರ. 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥದೇ ಗಾಜನ್ನು ಪೈರೆಕ್ಸ್ ಎಂಬ ಹೆಸರಿನಲ್ಲಿ ಅಡುಗೆಮನೆಗೆ ತಂದಿತು. ಪ್ರೆಸ್‌ಗೆ ಗಾಜಿನಿಂದ ಎರಡು ಲಾಭವಾಯಿತು. ಯಂತ್ರದಲ್ಲಿ ಎಳೆದ ಗಾಜಿನ ಕೊಳವೆ ನಯವಾಗಿಯೂ ದುಂಡಗೂ ಇರುವುದರಿಂದ ತಟ್ಟೆ ಸರಾಗವಾಗಿ ಇಳಿಯತೊಡಗಿತು. ಒಳಗೆ ಏನು ನಡೆಯುತ್ತಿದೆಯೆಂದು ಕುಡಿಯುವವರಿಗೆ ಕಾಣತೊಡಗಿತು.

ಸ್ಪ್ರಿಂಗ್ ತಟ್ಟೆ, ಗಾಜು ಎರಡನ್ನೂ ಕೂಡಿಸಿದವನು ಫಲಿಯೆರೊ ಬೊಂಡಾನಿನಿ. ಸ್ವಿಟ್ಜರ್ಲೆಂಡಿನ ಈತ 1958ರಲ್ಲಿ ಪೇಟೆಂಟ್ ಪಡೆದ ಮಾದರಿಯಲ್ಲಿ ಗಾಜಿನ ಪಾತ್ರೆ, ಅದನ್ನು ಅಪ್ಪಿ ಹಿಡಿದ ಲೋಹದ ಚೌಕಟ್ಟು, ನಾಲ್ಕು ಪುಟ್ಟ ಕಾಲು, ಗುಮ್ಮಟದಂಥ ಮುಚ್ಚಳ, ಅದರ ತುದಿಗೊಂದು ಗುಂಡು ಇದ್ದವು. ಫ್ರಾನ್ಸಿನಲ್ಲಿ ಮಾರ್ಟಿನ್ ಎಂಬ ಸಂಸ್ಥೆ ಇದನ್ನು ಶಾಂಬೋರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪಾತ್ರೆಗಳು ತಯಾರಾಗುತ್ತಿದ್ದದ್ದು ಮೊದಲು ಕ್ಲಾರಿನೆಟ್ ಮಾಡುತ್ತಿದ್ದ ಕಾರ್ಖಾನೆಯಲ್ಲಿ. ಲ್ವಾರ್ ಕಣಿವೆಯ ಶಾಂಬೋರ್ ಅರಮನೆಯ ಗೋಪುರಗಳನ್ನು ಕಂಡವರಿಗೆ ಆ ಹೆಸರು ಯಾಕೆಂದು ಬೇರೆ ಹೇಳಬೇಕಿಲ್ಲ. ಇಂದಿಗೂ ಫ್ರೆಂಚ್ ಪ್ರೆಸ್ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಇದೇ ಆಕಾರ.

ಇಂಗ್ಲೆಂಡಿನಲ್ಲಿ ಹೌಸ್‌ಹೋಲ್ಡ್ ಆರ್ಟಿಕಲ್ಸ್ ಎಂಬ ಕಂಪನಿ ಇಂಥದೇ ಪಾತ್ರೆಯನ್ನು ಲಾ ಕಾಫೆತಿಯೇರ್ ಎಂಬ ಹೆಸರಿನಲ್ಲಿ ಮಾರಿತು. ಚಹಾ ಮತ್ತು ಇನ್‌ಸ್ಟಂಟ್ ಕಾಫಿಯ ದೇಶದಲ್ಲಿ ಅದು ಮೊದಮೊದಲು ಶೋಕಿಯ ವಸ್ತುವಾಗಿತ್ತು. 1965ರ ‘ದಿ ಇಪ್‌ಕ್ರೆಸ್ ಫೈಲ್’ ಚಿತ್ರದ ಆರಂಭದಲ್ಲೇ ಮೈಕೆಲ್ ಕೇನ್ ನಟಿಸಿದ ಗೂಢಚಾರ ಹ್ಯಾರಿ ಪಾಮರ್ ನಿದ್ದೆಗಣ್ಣಿನಲ್ಲಿ ಎದ್ದು, ಕಾಳು ಪುಡಿ ಮಾಡಿ, ಪ್ರೆಸ್‌ನಲ್ಲಿ ಕಾಫಿ ಮಾಡಿಕೊಳ್ಳುತ್ತಾನೆ. ಇವನು ಎಲ್ಲರಂಥ ಸರ್ಕಾರಿ ನೌಕರನಲ್ಲ, ನಾಲಿಗೆಯ ರುಚಿ ಬಲ್ಲವನು ಎಂದು ಪ್ರೇಕ್ಷಕರಿಗೆ ತಿಳಿಸಲು ನಿರ್ದೇಶಕರಿಗೆ ಆ ಒಂದು ಪಾತ್ರೆ ಸಾಕಾಯಿತು.

ಶೋಕಿಯ ವಸ್ತುವನ್ನು ಸಾಮಾನ್ಯರ ಕೈಗೆ ಕೊಟ್ಟದ್ದು ಡೆನ್ಮಾರ್ಕಿನ ಬೋಡಮ್. ಪೀಟರ್ ಬೋಡಮ್ 1944ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆರಂಭಿಸಿದ ಈ ಕಂಪನಿಯ ಆಡಳಿತ 1974ರಲ್ಲಿ ಮಗ ಯೋರ್ಗನ್ ಕೈಗೆ ಬಂತು. ವಿನ್ಯಾಸಕಾರ ಕಾರ್ಸ್ಟನ್ ಯೋರ್ಗನ್‌ಸನ್ ಜೊತೆ ಸೇರಿ ಆತ ತಂದ ಬಿಸ್ಟ್ರೊ ಎಂಬ ಪ್ರೆಸ್‌ನಲ್ಲಿ ಅರಮನೆಯ ಠೀವಿ ಇರಲಿಲ್ಲ. ಪ್ಲಾಸ್ಟಿಕ್ ಹಿಡಿಯ, ಸರಳ ರೇಖೆಗಳ, ಕೈಗೆಟಕುವ ಬೆಲೆಯ ಪಾತ್ರೆ ಅದು. 1991ರಲ್ಲಿ ಬೋಡಮ್ ಫ್ರಾನ್ಸಿನ ಮಾರ್ಟಿನ್ ಸಂಸ್ಥೆಯನ್ನೇ ಕೊಂಡುಕೊಂಡಿತು, ಶಾಂಬೋರ್ ಕೂಡ ಅದರ ಸ್ವತ್ತಾಯಿತು.

ಆ ಖರೀದಿಯೇ ಮುಂದೆ ಜಗಳಕ್ಕೆ ಬೀಜವಾಯಿತು. ಮಾರ್ಟಿನ್ ಸಂಸ್ಥೆಯನ್ನು ಮಾರಿದ ಲೂಯಿ ಜೇಮ್ಸ್ ಡಿ ವಿಯೆಲ್ ಕಾಸ್ತೆಲ್ ಅವರೇ ಇಂಗ್ಲೆಂಡಿನ ಹೌಸ್‌ಹೋಲ್ಡ್ ಕಂಪನಿಯ ಒಡೆಯರೂ ಆಗಿದ್ದರು. ತಮ್ಮ ಇಂಗ್ಲಿಷ್ ಕಂಪನಿ ಫ್ರಾನ್ಸಿನ ಹೊರಗೆ ಅದೇ ಬಗೆಯ ಪಾತ್ರೆಯನ್ನು ಮಾರಬಹುದು ಎಂದು ಅವರು ಒಪ್ಪಂದದಲ್ಲಿ ಬರೆಸಿಕೊಂಡಿದ್ದರು. ಲಾ ಕಾಫೆತಿಯೇರ್ ಅಮೆರಿಕಕ್ಕೆ ಕಾಲಿಟ್ಟಾಗ ಬೋಡಮ್ ಮೊಕದ್ದಮೆ ಹೂಡಿತು. 2010ರಲ್ಲಿ ಶಿಕಾಗೊದ ಮೇಲ್ಮನವಿ ನ್ಯಾಯಾಲಯ ಲಾ ಕಾಫೆತಿಯೇರ್ ಪರ ತೀರ್ಪಿತ್ತಿತು. ತಮಾಷೆಯೆಂದರೆ ಈ ತೀರ್ಪು ಕಾಫಿಗಿಂತ ಕಾನೂನಿನ ತರಗತಿಗಳಲ್ಲೇ ಹೆಚ್ಚು ಪ್ರಸಿದ್ಧ. ಒಪ್ಪಂದ ಫ್ರೆಂಚ್ ಕಾನೂನಿಗೆ ಒಳಪಟ್ಟಿತ್ತು. ವಿದೇಶಿ ಕಾನೂನನ್ನು ತಿಳಿಯಲು ಕಕ್ಷಿದಾರರು ಹಣ ಕೊಟ್ಟು ಕರೆತರುವ ತಜ್ಞರ ಸಾಕ್ಷ್ಯ ಬೇಕೇ, ಗ್ರಂಥಗಳನ್ನು ಓದಿದರೆ ಸಾಲದೇ ಎಂಬ ಬಗ್ಗೆ ಈಸ್ಟರ್‌ಬ್ರೂಕ್, ಪೋಸ್ನರ್, ವುಡ್ ಎಂಬ ಮೂವರು ನ್ಯಾಯಮೂರ್ತಿಗಳೂ ಬೇರೆ ಬೇರೆಯಾಗಿ ಬರೆದರು. ಇನ್ನೊಂದು ಮೊಕದ್ದಮೆಯಲ್ಲಿ ಬೋಡಮ್ ಗೆದ್ದಿತು. ಶಾಂಬೋರ್ ಆಕಾರವನ್ನು ನಕಲು ಮಾಡಿದ ಬೇರೊಂದು ಕಂಪನಿ 20 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ 2018ರಲ್ಲಿ ಹೇಳಿತು. ಮರುವರ್ಷ ಮೇಲ್ಮನವಿಯಲ್ಲೂ ಆ ತೀರ್ಪು ನಿಂತಿತು. ಮುಚ್ಚಳದ ಗುಮ್ಮಟವಾಗಲಿ, ಪುಟ್ಟ ಕಾಲುಗಳಾಗಲಿ ಕಾಫಿಯನ್ನು ರುಚಿಗೊಳಿಸುವುದಿಲ್ಲ, ಅವು ಬರೀ ಚೆಲುವಿಗೆ ಎಂಬುದೇ ಬೋಡಮ್ ಗೆಲುವಿಗೆ ಕಾರಣವಾಯಿತು.

ಆ ಹೊತ್ತಿಗಾಗಲೇ ಲೋಹದ ಜಾಲರಿಯ ಬಗ್ಗೆ ವೈದ್ಯರು ಒಂದು ಪ್ರಶ್ನೆ ಎತ್ತಿದ್ದರು. ನಾರ್ವೆಯ ಟ್ರೋಮ್ಸೊದಲ್ಲಿ ನಡೆದ ಹೃದಯ ಸಮೀಕ್ಷೆಯ 1983ರ ವರದಿಯಲ್ಲಿ ಕಾಫಿ ಹೆಚ್ಚು ಕುಡಿಯುವವರ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದು ಕಂಡುಬಂತು. ಅಲ್ಲಿ ಆಗ ಪುಡಿಯನ್ನು ಕುದಿಸಿ, ಸೋಸದೆ ಕುಡಿಯುವ ರೂಢಿಯಿತ್ತು. ಮುಂದಿನ ಸಂಶೋಧನೆಗಳು ಇದಕ್ಕೆ ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಕಾರಣವೆಂದು ತೋರಿಸಿದವು. ಕಾಗದದ ಫಿಲ್ಟರ್ ಅದನ್ನು ಬಹುಪಾಲು ತಡೆಯುತ್ತದೆ, ಲೋಹದ ಜಾಲರಿ ಬಿಟ್ಟುಬಿಡುತ್ತದೆ. 1996ರಲ್ಲಿ ಹಾಲೆಂಡಿನ ಸಂಶೋಧಕರು 46 ಮಂದಿಯನ್ನು ಎರಡು ಗುಂಪು ಮಾಡಿ, 24 ವಾರ ದಿನಕ್ಕೆ ಐದಾರು ಕಪ್ ಗಟ್ಟಿ ಕಾಫಿ ಕುಡಿಸಿದರು. ಪ್ರೆಸ್ ಕಾಫಿ ಕುಡಿದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಸುಮಾರು ಶೇ 10ರಷ್ಟು ಏರಿತು, ಬಿಟ್ಟ ಮೇಲೆ ಇಳಿಯಿತು. ದಿನಕ್ಕೊಂದು ಕಪ್ ಕುಡಿಯುವವರು ಗಾಬರಿಯಾಗಬೇಕಿಲ್ಲ. ಕೊಲೆಸ್ಟರಾಲ್ ಮಾತ್ರೆ ನುಂಗುತ್ತಿರುವವರಿರುವ ಮನೆಯಲ್ಲಿ ಮಾತ್ರ ಇದನ್ನು ಯೋಚಿಸಿಯೇ ಕೊಳ್ಳುವುದು ಒಳ್ಳೆಯದು.

ಸಂದಿನ ಕಥೆ ಇನ್ನೂ ಮುಂದುವರಿದಿದೆ. ಹಾರುವ ಬಳೆಯಾಕಾರದ ಏರೋಬಿ ಆಟಿಕೆಯನ್ನು ರೂಪಿಸಿದ ಅಮೆರಿಕದ ಎಂಜಿನಿಯರ್ ಆಲನ್ ಆಡ್ಲರ್ 2005ರಲ್ಲಿ ಏರೋಪ್ರೆಸ್ ತಂದರು. ಅದರಲ್ಲಿ ರಬ್ಬರಿನ ಬಿರಡೆ ಗಾಳಿಯೂ ನುಸುಳದಂತೆ ಕೊಳವೆಯನ್ನು ಮುಚ್ಚುತ್ತದೆ, ತಳದಲ್ಲಿ ಕಾಗದ ಸೋಸುತ್ತದೆ. ಕೆನಡಾದ ಎಸ್ಪ್ರೊ ಕಂಪನಿ ಒಂದರೊಳಗೊಂದು ಕೂರುವ ಎರಡು ಜಾಲರಿ ಬುಟ್ಟಿಗಳಿಗೆ ಸಿಲಿಕೋನ್ ಅಂಚು ಕೊಟ್ಟು ಗಸಿ ಬಾರದ ಪ್ರೆಸ್ ಮಾಡಿತು. ಇನ್ನು 2007ರ ವಿಶ್ವ ಬರಿಸ್ತಾ ಚಾಂಪಿಯನ್ ಜೇಮ್ಸ್ ಹಾಫ್‌ಮನ್ ಜನಪ್ರಿಯಗೊಳಿಸಿದ ಕ್ರಮದಲ್ಲಿ ತಟ್ಟೆಯನ್ನು ಒತ್ತುವುದೇ ಇಲ್ಲ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಪುಡಿ ಹಾಕಿ ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಕಲಕಿ, ನೊರೆಯನ್ನು ಚಮಚದಲ್ಲಿ ತೆಗೆದು, ಇನ್ನೂ ಐದಾರು ನಿಮಿಷ ಸುಮ್ಮನೆ ಬಿಡಬೇಕು. ಪುಡಿ ತಾನಾಗಿ ತಳ ಸೇರುತ್ತದೆ. ಆಮೇಲೆ ತಟ್ಟೆಯನ್ನು ಕಾಫಿಯ ಮೇಲ್ಮೈಗೆ ತಾಗಿಸಿ ಬಗ್ಗಿಸಿಕೊಂಡರಾಯಿತು. ನೂರೈವತ್ತು ವರ್ಷ ಜಗತ್ತು ತಲೆಕೆಡಿಸಿಕೊಂಡ ಪಿಸ್ಟನ್ನಿಗೆ ಇಲ್ಲಿ ಬರೀ ಸೋಸುವ ಕೆಲಸ.

ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ಕರ್ನಾಟಕಕ್ಕೆ ಈ ಪಾತ್ರೆ ತಡವಾಗಿ ಬಂತು. ಅದಕ್ಕೆ ಪಾತ್ರೆಗಿಂತ ಪುಡಿಯೇ ಹೆಚ್ಚು ಕಾರಣ. ಎರಡನೆಯ ಮಹಾಯುದ್ಧದ ಕಾಲದಿಂದ 1990ರ ದಶಕದವರೆಗೆ ಬೆಳೆಗಾರರು ಕಾಳನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಬೇರೆ ಬೇರೆ ತೋಟಗಳ ಕಾಳು ಅಲ್ಲಿ ಒಂದಾಗುತ್ತಿತ್ತು, ಒಳ್ಳೆಯ ಕಾಳು ಹೆಚ್ಚಾಗಿ ರಫ್ತಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಸಿಗುತ್ತಿದ್ದದ್ದು ಹಾಲಿಗೆ ಹೊಂದುವಂತೆ ಕಡು ಹುರಿದು ಚಿಕೋರಿ ಬೆರೆಸಿದ ನುಣುಪು ಪುಡಿ. ಫಿಲ್ಟರಿಗೆ ಅದು ಹೇಳಿ ಮಾಡಿಸಿದ್ದು. ಪ್ರೆಸ್‌ಗೆ ಹಾಕಿದರೆ ಜಾಲರಿಯ ಕಣ್ಣಿಂದ ನುಸುಳಿ ಕಪ್ಪಿನ ತಳದಲ್ಲಿ ಕೆಸರಾಗುತ್ತದೆ, ತಟ್ಟೆಯೂ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಆಮೇಲೆ ನಿಧಾನವಾಗಿ ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳು ತಮ್ಮದೇ ಹೆಸರಿನಲ್ಲಿ ಕಾಳು ಮಾರತೊಡಗಿದವು. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಗುರುತು ದಕ್ಕಿತು. ಹಾಲಿಲ್ಲದೆ ಕುಡಿದು ಒಂದು ತೋಟದ ಕಾಳಿಗೂ ಇನ್ನೊಂದರದಕ್ಕೂ ಇರುವ ರುಚಿಭೇದ ತಿಳಿಯಬಯಸುವವರಿಗೆ ಪ್ರೆಸ್ ಆಗ ಉಪಯೋಗಕ್ಕೆ ಬಂತು.

ಕೊಳ್ಳುವಾಗ ಅಳತೆಯ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ಯುರೋಪಿನ ಲೆಕ್ಕದ ‘3 ಕಪ್’ ಪ್ರೆಸ್ ಹಿಡಿಸುವುದು 350 ಮಿ.ಲೀ., ಅಂದರೆ ಇಬ್ಬರಿಗೆ ಸಾಕು. ‘8 ಕಪ್’ ಎಂದರೆ ಒಂದು ಲೀಟರ್. ಒಬ್ಬರಿಗಾಗಿ ದೊಡ್ಡ ಪಾತ್ರೆ ತಂದು ಕಾಲುಭಾಗ ನೀರು ಹಾಕಿದರೆ ತಟ್ಟೆ ಕೆಳಗಿನ ಪುಡಿಯನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. ಗಾಜು ಬೋರೋಸಿಲಿಕೇಟ್ ಆಗಿರಬೇಕು; ತೊಳೆಯುವಾಗ ಸಿಂಕಿನಲ್ಲಿ ಒಡೆಯುವ ಭಯವಿದ್ದರೆ ಎರಡು ಗೋಡೆಯ ಸ್ಟೀಲ್ ಪಾತ್ರೆ ಮೇಲು, ಕಾವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗಡಿಯಲ್ಲೇ ಸರಳನ್ನು ಖಾಲಿ ಪಾತ್ರೆಗೆ ಇಳಿಸಿ ಜಾಲರಿಯ ಅಂಚು ಸುತ್ತಲೂ ಗಾಜಿಗೆ ತಾಗುತ್ತಿದೆಯೇ, ಒಂದು ಕಡೆ ವಾಲುತ್ತದೆಯೇ ಎಂದು ನೋಡಬಹುದು. ತಟ್ಟೆಯ ಭಾಗಗಳು ತಿರುಗಿಸಿದರೆ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಫ್ಲಾನೆಲ್ಲಿನಲ್ಲಿ ಇಂಗುತ್ತಿದ್ದ ಎಣ್ಣೆ ಜಾಲರಿಯ ಮಡಿಕೆಯಲ್ಲಿ ಉಳಿದು ಕಮಟುತ್ತದೆ. ಜಾಲರಿ ಮತ್ತು ಗಾಜು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿಯೇ ದುಡ್ಡು ಕೊಡಬೇಕು.

ಪುಡಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರಲಿ. ಬೆಂಗಳೂರಿನ ಹೊಸ ಕಾಫಿ ಕಂಪನಿಗಳ ಪೊಟ್ಟಣಗಳಲ್ಲಿ ಯಾವ ಪಾತ್ರೆಗೆ ಯಾವ ಹದ ಎಂದು ಅಚ್ಚು ಹಾಕಿರುತ್ತಾರೆ. ಬಡಾವಣೆಯ ಹಳೆಯ ಪುಡಿ ಅಂಗಡಿಯಲ್ಲಿ ಕಣ್ಣೆದುರು ಬೀಸಿ ಕೊಡುವವರ ಬಳಿ ಮಾತ್ರ ಗಿರಾಕಿಯೇ ಬಾಯಿಬಿಟ್ಟು ಹೇಳಬೇಕು: ಚಿಕೋರಿ ಬೇಡ, ಯಂತ್ರದ ಹಲ್ಲು ಸಡಿಲಿಸಿ ತರಿಯಾಗಿ ಬೀಸಿ, ಹಿಂದಿನವರ ನುಣುಪು ಪುಡಿ ಒಳಗೆ ಉಳಿದಿದ್ದರೆ ಮೊದಲ ಹಿಡಿಯನ್ನು ಪಕ್ಕಕ್ಕೆ ತೆಗೆದುಬಿಡಿ ಎಂದು.